ಮಕ್ಕಳ ಜೋಲು ರೆಪ್ಪೆ: ತಡ ಮಾಡಬಾರದ ಮಾತು

ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಎಣಿಸುವುದನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲೇ ಕಲಿಯುತ್ತಾರೆ. ಮಣ್ಣು, ನೀರು, ಗಿಡಮರಗಳಿಗೆ ಸ್ಪರ್ಶ ಒಂದೇ. ಹುಳುವಿಗೆ ರುಚಿ ಸೇರುತ್ತದೆ, ಇರುವೆಗೆ ವಾಸನೆ ಸೇರುತ್ತದೆ. ಕಣ್ಣು ಬರುವುದು ನಾಲ್ಕನೆಯದಾಗಿ, ನೊಣ ದುಂಬಿಗಳ ಹಂತದಲ್ಲಿ. ಎಷ್ಟೋ ಜನ್ಮಗಳ ದಾರಿ ಸವೆಸಿ ಬಂದ ಮೇಲೆ ಸಿಗುವ ಇಂದ್ರಿಯ ಇದು ಎಂದು ಹಿರಿಯರು ಹೇಳುತ್ತಿದ್ದರು. ಅಂಥ ಕಣ್ಣು ಕೂಸಿನ ಮುಖದಲ್ಲಿದ್ದೂ ಮೇಲಿನ ರೆಪ್ಪೆ ಏಳದೆ ಅದನ್ನು ಮುಚ್ಚಿಕೊಂಡು ಕುಳಿತರೆ ಏನು ಮಾಡಬೇಕು? ಈ ಪ್ರಶ್ನೆ ನಮ್ಮ ಮನೆಗೆ ಎರಡು ಸಲ ಬಂದಿತು. ಅದಕ್ಕಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಆದರೆ ವ್ಯಾಪಾರಿಗೆ ಕೇಳುವ ಅಭ್ಯಾಸವಿರುತ್ತದೆ. ವೈದ್ಯರು ಹೇಳಿದ್ದನ್ನು ಕೇಳಿ, ಅರ್ಥವಾಗದಿದ್ದರೆ ಮತ್ತೆ ಕೇಳಿ, ಚೀಟಿಯಲ್ಲಿ ಬರೆದಿಟ್ಟುಕೊಂಡೆವು. ನಮ್ಮ ಸಮಾಜದಲ್ಲಿ ಇಂಥ ವಿಷಯವನ್ನು ಒಳಮನೆಯಲ್ಲಿ ಪಿಸುಮಾತಿನಲ್ಲಿ ಆಡುವುದು ರೂಢಿ. ಹೆಣ್ಣುಮಗುವಾದರೆ ಇನ್ನೂ ಗುಟ್ಟು. ಆ ಗುಟ್ಟಿನಿಂದಲೇ ಎಷ್ಟೋ ಮಕ್ಕಳ ಒಂದೊಂದು ಕಣ್ಣು ಕೆಡುತ್ತದೆ ಎಂದು ತಿಳಿದ ಮೇಲೆ ಸುಮ್ಮನಿರುವುದು ಸರಿ ಕಾಣಲಿಲ್ಲ.

ಮೊದಲಿನದು ನಮ್ಮ ತಂಗಿಯ ಮಾತು. ಅವಳು ಹುಟ್ಟಿದ್ದು 1965ರಲ್ಲಿ. ಹುಟ್ಟಿದಂದಿನಿಂದ ಬಲಗಣ್ಣಿನ ರೆಪ್ಪೆ ಮುಕ್ಕಾಲು ಪಾಲು ಇಳಿದೇ ಇತ್ತು. ಮನೆಗೆ ಬಂದ ಹೆಂಗಸರು "ನಿದ್ದೆಗಣ್ಣಿನ ಕೂಸು, ದೊಡ್ಡದಾದರೆ ತಾನೇ ತೆರೆಯುತ್ತದೆ" ಎಂದರು. ಒಬ್ಬರು ಹರಳೆಣ್ಣೆ ತೀಡಲು ಹೇಳಿದರು, ಇನ್ನೊಬ್ಬರು ಮೊಲೆಹಾಲು ಬಿಡಲು ಹೇಳಿದರು. ನಮ್ಮ ತಾಯಿಯವರು ಎಲ್ಲವನ್ನೂ ಮಾಡಿದರು. ರೆಪ್ಪೆ ಏಳಲಿಲ್ಲ. ತಂಗಿ ನಡೆಯಲು ಕಲಿತಾಗ ಗದ್ದ ಮೇಲೆತ್ತಿ, ಹುಬ್ಬು ಏರಿಸಿ ನೋಡುವುದನ್ನು ತಾನೇ ಕಲಿತಳು. ಶಾಲೆಯಲ್ಲಿ ಒಬ್ಬ ಮೇಷ್ಟ್ರು "ಈ ಹುಡುಗಿಗೆ ಸೊಕ್ಕು, ತಲೆ ತಗ್ಗಿಸುವುದಿಲ್ಲ" ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದರು. ತಲೆ ತಗ್ಗಿಸಿದರೆ ಹಲಗೆ ಕಾಣುವುದಿಲ್ಲ ಎಂದು ಹೇಳಲು ಆರು ವರ್ಷದ ಮಗುವಿಗೆ ಹೇಗೆ ತಿಳಿಯಬೇಕು?

ಅವಳಿಗೆ ಇಪ್ಪತ್ತೆರಡು ತುಂಬಿದಾಗ ಗಂಡಿನ ಕಡೆಯವರು ಬಂದು ಹೋಗುವುದು ಶುರುವಾಯಿತು. ಬಂದವರೆಲ್ಲ ಮುಖ ನೋಡಿ "ಹೇಳಿ ಕಳಿಸುತ್ತೇವೆ" ಎಂದು ಹೊರಟರು. ಆಗ 1987. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಹಿರಿಯ ವೈದ್ಯರು ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದರು. ಬಲಗಣ್ಣಿನಲ್ಲಿ ಎಲ್ಲಕ್ಕೂ ದೊಡ್ಡದಾದ ಮೇಲಿನ ಅಕ್ಷರವೂ ಅವಳಿಗೆ ಸರಿಯಾಗಿ ಹತ್ತಲಿಲ್ಲ. ವೈದ್ಯರು ಹೇಳಿದ ಮಾತು ಇಂದಿಗೂ ನೆನಪಿದೆ: "ರೆಪ್ಪೆಯನ್ನು ಎತ್ತಿ ಕೊಡುತ್ತೇವೆ. ನೋಟವನ್ನು ಕೊಡಲಾರೆವು. ಅದಕ್ಕೆ ಹದಿನೈದು ವರ್ಷ ಮುಂಚೆ ಬರಬೇಕಿತ್ತು." ಆಪರೇಷನ್ ಆಯಿತು. ಮುಖಕ್ಕೆ ಕಳೆ ಬಂತು. ಒಳ್ಳೆಯ ಮನೆ ಸಿಕ್ಕಿತು. ಇವತ್ತಿಗೂ ತನ್ನ ಮನೆಯ ಅಂಗಡಿ ಲೆಕ್ಕವನ್ನೆಲ್ಲ ಅವಳೇ ನೋಡುತ್ತಾಳೆ. ಆದರೆ ಸಣ್ಣ ಬಾಯಿಯ ಶೀಸೆಗೆ ಎಣ್ಣೆ ಹಾಕುವಾಗ ಹೊರಗೆ ಚೆಲ್ಲುತ್ತದೆ. ದೂರ ಹತ್ತಿರದ ಅಳತೆ ಸಿಗಬೇಕಾದರೆ ಎರಡು ಕಣ್ಣೂ ಕೂಡಿ ನೋಡಬೇಕು. ಅವಳದು ಒಂದೇ ಕಣ್ಣಿನ ನೋಟ.

ಎರಡನೆಯದು ನಮ್ಮ ಕಿರಿಯ ಮಗನ ಮಗಳ ಮಾತು. ಕೂಸು ಹುಟ್ಟಿದ್ದು 2018ರಲ್ಲಿ, ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು. ನಾಮಕರಣಕ್ಕೆ ತಂಗಿ ಬಂದಳು. ತೊಟ್ಟಿಲಿನ ಮೇಲೆ ಬಾಗಿ ನೋಡಿದಳು. ಎಲ್ಲರೂ ಹೆಸರಿನ ಮಾತಾಡುತ್ತಿದ್ದಾಗ ನಮ್ಮನ್ನು ಹಿತ್ತಲಿಗೆ ಕರೆದು "ಅಣ್ಣಾ, ಈ ಕೂಸನ್ನ ಮದುವಿ ತನಕ ಇಡಬ್ಯಾಡ್ರಿ" ಎಂದಳು. ಇಷ್ಟೇ ಮಾತು. ಅದಕ್ಕಿಂತ ಹೆಚ್ಚು ಹೇಳಬೇಕಾದ ಅಗತ್ಯ ಇರಲಿಲ್ಲ.

ನಮ್ಮ ಹಾಲಹರವಿ ಬಳ್ಳಾರಿಗೂ ಆದವಾನಿಗೂ ನಡುವೆ ಇರುವ ಊರು. ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯವಾದಾಗ ಆ ಕಡೆ ಸೇರಿದವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಾಗದ ಪತ್ರಕ್ಕೆ ಕರ್ನೂಲು, ಕಾಯಿಲೆಗೆ ಬಳ್ಳಾರಿ ಎಂಬುದು ನಮ್ಮ ಕಡೆಯ ಬಾಳು. ಈ ಸೀಮೆಯವರಿಗೆ ಕಣ್ಣಿನ ಆಪರೇಷನ್ ಎಂದರೆ ನೆನಪಿಗೆ ಬರುವವರು ಡಾಕ್ಟರ್ ಎಂ. ಸಿ. ಮೋದಿಯವರು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಆ ಪುಣ್ಯಾತ್ಮರು ಊರೂರಿಗೆ ಶಿಬಿರ ಒಯ್ದು, ಒಂದೇ ದಿನದಲ್ಲಿ 833 ಜನರ ಪೊರೆ ತೆಗೆದು ಗಿನ್ನೆಸ್ ಪುಸ್ತಕದಲ್ಲಿ ಹೆಸರು ಪಡೆದವರು. ಅವರಿಂದ ಬಡವರಿಗೆ ಕಣ್ಣು ಬಂತು. ಆದರೆ ಆ ಶಿಬಿರಗಳನ್ನು ನೋಡಿ ಬೆಳೆದ ನಮ್ಮ ಜನಕ್ಕೆ ಕಣ್ಣಿನ ಆಪರೇಷನ್ ಎಂದರೆ ಮುದುಕರಿಗೆ ಮಾಡುವುದು, ಪೊರೆ ಬಲಿಯುವ ತನಕ ಕಾಯಬೇಕಾದದ್ದು ಎಂಬ ಭಾವನೆ ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಲುಗಲ್ಲದ ಕೂಸಿನ ಕಣ್ಣಿಗೆ ಕತ್ತರಿ ಹಾಕುತ್ತಾರೆ ಎಂದರೆ ಅಜ್ಜಿಯರು ಎದೆ ಹಿಡಿದುಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಹತ್ತಿರದ ಪಟ್ಟಣದ ಒಬ್ಬ ವೈದ್ಯರಿಗೆ ತೋರಿಸಿದಾಗ ಅವರು ಟಾರ್ಚು ಹಾಕಿ ಅರ್ಧ ನಿಮಿಷ ನೋಡಿ "ಇದು ಅಂದಚೆಂದದ ವಿಷಯ. ಹದಿನೈದು ವರ್ಷವಾದ ಮೇಲೆ ಬನ್ನಿ" ಎಂದರು. ನಮ್ಮ ಮನೆಯವರಿಗೆ ಅದು ಸಮಾಧಾನ ತಂದಿತು. ಸೊಸೆಗೆ ಮಾತ್ರ ಸಮಾಧಾನವಾಗಲಿಲ್ಲ. "ಮಾವಾ, ಅತ್ತೆಮ್ಮನ ಕಣ್ಣಿಗೂ ಹೀಗೇ ಅಂದಿದ್ದರಂತೆ" ಎಂದಳು. ಕೂಸಿಗೆ ಹತ್ತು ತಿಂಗಳು ನಡೆಯುತ್ತಿದ್ದಾಗ ಆದವಾನಿಯಿಂದ ರಾತ್ರಿ ಬಸ್ಸು ಹತ್ತಿ ಹೈದರಾಬಾದಿಗೆ ಹೊರಟೆವು. ಅಲ್ಲಿ ಕಣ್ಣಿನ ರೆಪ್ಪೆಯನ್ನೇ ನೋಡುವ ಬೇರೆ ವೈದ್ಯರಿರುತ್ತಾರೆ, ಮಕ್ಕಳ ಕಣ್ಣನ್ನೇ ನೋಡುವ ಬೇರೆ ವೈದ್ಯರಿರುತ್ತಾರೆ ಎಂಬುದು ನಮಗೆ ತಿಳಿದದ್ದೇ ಆಗ.

ಅಲ್ಲಿನ ವೈದ್ಯರು ಮೊದಲು ಮಾಡಿದ ಪರೀಕ್ಷೆ ಯಾವ ಯಂತ್ರವೂ ಬೇಡದ್ದು. ತಾಯಿಯ ತೊಡೆಯ ಮೇಲೆ ಕೂಸು ಆಟಿಕೆ ನೋಡುತ್ತಿತ್ತು. ಇಳಿಬಿದ್ದ ಎಡಗಣ್ಣನ್ನು ಅಂಗೈಯಿಂದ ಮರೆ ಮಾಡಿದರು. ಕೂಸು ಆಡುತ್ತಲೇ ಇತ್ತು. ಚೆನ್ನಾಗಿದ್ದ ಬಲಗಣ್ಣನ್ನು ಮರೆ ಮಾಡಿದರು. ಕೂಸು ಕೈ ತಳ್ಳಿ ಅತ್ತಿತು. ಇನ್ನೊಮ್ಮೆ ಮಾಡಿದರು, ಮತ್ತೆ ಹಾಗೆಯೇ. "ನೋಡಿದಿರಾ, ಎಡಗಣ್ಣಿನ ಮೇಲೆ ಮಗುವಿಗೆ ಭರವಸೆ ಇಲ್ಲ" ಎಂದರು. ಓದುಗ ತಾಯಂದಿರು ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದು ಮುಚ್ಚಿದಾಗ ಮಾತ್ರ ಮಗು ಹಟ ಮಾಡಿದರೆ, ರೆಪ್ಪೆ ನೆಟ್ಟಗೇ ಇದ್ದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಈಗ ಕಾಯಿಲೆಯ ಮಾತು. ಮೇಲಿನ ರೆಪ್ಪೆಯನ್ನು ಎತ್ತುವುದಕ್ಕೆಂದೇ ಒಂದು ಸಣ್ಣ ಸ್ನಾಯು ಇದೆ. ಕೆಲವು ಮಕ್ಕಳಲ್ಲಿ ಗರ್ಭದಲ್ಲೇ ಆ ಸ್ನಾಯು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ; ಸ್ನಾಯುವಿನ ಎಳೆಗಳಿರಬೇಕಾದ ಕಡೆ ನಾರೂ ಕೊಬ್ಬೂ ತುಂಬಿಕೊಂಡಿರುತ್ತವೆ. ಅಂಗಡಿಯ ಷಟರಿನ ಸ್ಪ್ರಿಂಗೇ ದುರ್ಬಲವಾಗಿದ್ದರೆ ಎಷ್ಟು ಎಣ್ಣೆ ಹಚ್ಚಿದರೂ ಅದು ಮೇಲೆ ನಿಲ್ಲದು. ಹಾಗೆಯೇ ಹರಳೆಣ್ಣೆ, ಕಾಡಿಗೆ, ಹರಕೆಗಳಿಂದ ಈ ರೆಪ್ಪೆ ಏಳುವುದಿಲ್ಲ. ಕಣ್ಣಿಗೆ ಬಿಡುವ ಮೊಲೆಹಾಲಿನಿಂದಲೂ ಮನೆಯ ಕಾಡಿಗೆಯಿಂದಲೂ ಸೋಂಕು ತಗಲುವ ಭಯವಿದೆ. ವೈದ್ಯರು ಇದಕ್ಕೆ ಟೋಸಿಸ್ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು ಹೆಚ್ಚಾಗಿ ಒಂದೇ ಕಣ್ಣಿಗೆ ಇರುತ್ತದೆ. ಕೆಲವು ಮಕ್ಕಳಲ್ಲಿ ಹಾಲು ಕುಡಿಯುವಾಗ, ಅಗಿಯುವಾಗ ಇಳಿದ ರೆಪ್ಪೆ ಟಕ್ಕೆಂದು ಮೇಲೇಳುತ್ತದೆ. ಇದನ್ನು ಮಾರ್ಕಸ್ ಗನ್ ಎಂಬ ವೈದ್ಯರು 1883ರಲ್ಲೇ ವಿವರಿಸಿದ್ದಾರೆ. ಅದು ದೆವ್ವದ ಚೇಷ್ಟೆಯೂ ಅಲ್ಲ, ಮಗುವಿನ ತುಂಟತನವೂ ಅಲ್ಲ. ದವಡೆಯ ನರದ ಎಳೆ ದಾರಿ ತಪ್ಪಿ ರೆಪ್ಪೆಗೂ ಸೇರಿಕೊಂಡಿರುತ್ತದೆ, ಅಷ್ಟೆ. ಇನ್ನು ಕೆಲವು ಮನೆತನಗಳಲ್ಲಿ ಕಣ್ಣಿನ ಸೀಳೇ ಚಿಕ್ಕದಾಗಿ ಎರಡೂ ರೆಪ್ಪೆ ಇಳಿದಿರುವುದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುತ್ತದೆ.

ಕಣ್ಣು ಕ್ಯಾಮೆರಾದಂತೆ, ಎಂದು ತೆರೆದರೂ ಕಾಣುತ್ತದೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವ ಹಾಗಿಲ್ಲ. ನೋಡುವುದನ್ನು ಮಿದುಳು ಕಲಿಯಬೇಕು, ಮಗು ಮಾತು ಕಲಿತಂತೆ. ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚಿದರೆ, ಅಥವಾ ಅದರ ಭಾರಕ್ಕೆ ಕಣ್ಣಿನ ಗುಡ್ಡೆಯ ದುಂಡು ಸ್ವಲ್ಪ ಬದಲಾಗಿ ಎಲ್ಲವೂ ಮಸುಕಾಗಿ ಕಂಡರೆ, ಮಿದುಳು ಆ ಕಣ್ಣಿನ ಸುದ್ದಿಯನ್ನೇ ಬಿಟ್ಟು ಇನ್ನೊಂದು ಕಣ್ಣನ್ನು ನೆಚ್ಚಿಕೊಳ್ಳುತ್ತದೆ. ಆಗ ಕಣ್ಣು ಸೋಮಾರಿಯಾಗುತ್ತದೆ. ಕಣ್ಣಿನಲ್ಲಿ ಹುಣ್ಣಿಲ್ಲ, ಪೊರೆಯಿಲ್ಲ, ಆದರೂ ಕಾಣುವುದಿಲ್ಲ. ಈ ಕಲಿಕೆಗೆ ಕಾಲ ಗೊತ್ತಾಗಿದೆ. ಮೊದಲ ಕೆಲವು ವರ್ಷ ಎಲ್ಲಕ್ಕೂ ಮುಖ್ಯ. ಏಳೆಂಟು ವರ್ಷದ ಒಳಗೆ ಚಿಕಿತ್ಸೆ ಮಾಡಿದರೆ ಫಲ ಹೆಚ್ಚು. ಆಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ಮುದ್ದತ್ತಿನ ಹುಂಡಿ. ದಿನ ಮೀರಿದ ಮೇಲೆ ಎಷ್ಟೇ ದೊಡ್ಡ ಪೇಢಿಗೆ ಒಯ್ದರೂ ಪೂರ್ತಿ ಹಣ ಹುಟ್ಟುವುದಿಲ್ಲ.

ಈ ತಿಳಿವಳಿಕೆ ಹೇಗೆ ಬಂತೆಂದು ಕೇಳಿದಾಗ ನಮ್ಮ ಮನಸ್ಸು ನೊಂದಿತು. ಹ್ಯೂಬೆಲ್ ಮತ್ತು ವೀಸಲ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಕೆಲವು ಕಾಲ ಬಿಟ್ಟು ಬಿಚ್ಚಿ ನೋಡಿದರಂತೆ. ಕಣ್ಣು ಸರಿಯಿದ್ದರೂ ಮಿದುಳು ಅದರಿಂದ ನೋಡಲು ಕಲಿತಿರಲಿಲ್ಲ. ಅವರಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು. ಅಹಿಂಸೆಯನ್ನು ನಂಬಿದ ನಮಗೆ ಇದು ಮುಳ್ಳಿನಂಥ ಸಂಗತಿ. ಆ ಮೂಕ ಜೀವಗಳ ನೋವಿನಿಂದ ಬಂದ ಅರಿವು ಈಗ ಲೋಕದ ಕೈಯಲ್ಲಿದೆ. ಅದು ತಿಳಿದೂ ನಮ್ಮ ಮಗುವಿನ ರೆಪ್ಪೆಯನ್ನು ಮುಚ್ಚಿಯೇ ಇಟ್ಟರೆ ಆ ನೋವಿಗೆ ಇನ್ನೊಂದು ನೋವನ್ನು ಕೂಡಿಸಿದಂತೆ.

ಹೈದರಾಬಾದಿನ ವೈದ್ಯರು ತಕ್ಷಣ ಕತ್ತರಿ ಹಿಡಿಯಲಿಲ್ಲ. ರೆಪ್ಪೆ ಪಾಪೆಯನ್ನು ಪೂರ್ತಿ ಮುಚ್ಚಿದ್ದರೆ ವರ್ಷದೊಳಗೇ ಮಾಡಬೇಕಾಗುತ್ತದೆ, ಇಲ್ಲಿ ಅರ್ಧ ತೆರೆದಿದೆ, ಮೊದಲು ನೋಟ ಉಳಿಸೋಣ ಎಂದರು. ಔಷಧಿಯ ಹನಿ ಹಾಕಿ ಪರೀಕ್ಷಿಸಿ ಸಣ್ಣ ಕನ್ನಡಕ ಕೊಟ್ಟರು. ಚೆನ್ನಾಗಿ ಕಾಣುವ ಬಲಗಣ್ಣಿಗೆ ದಿನಕ್ಕೆ ಎರಡು ತಾಸು ಪಟ್ಟಿ ಅಂಟಿಸಲು ಹೇಳಿದರು. ಒಳ್ಳೆಯ ಕಣ್ಣನ್ನು ಮುಚ್ಚಿದರೆ ಸೋಮಾರಿ ಕಣ್ಣು ದುಡಿಯಲೇಬೇಕು. ಹೇಳುವುದು ಸುಲಭ. ಕೂಸು ಪಟ್ಟಿ ಕಿತ್ತು ಎಸೆಯುತ್ತಿತ್ತು. ಬಂದು ಹೋಗುವವರು "ಪಾಪ, ಒಳ್ಳೇ ಕಣ್ಣನ್ನ ಯಾಕೆ ಮುಚ್ಚಿದ್ದೀರಿ" ಎನ್ನುತ್ತಿದ್ದರು. ಅವರಿಗೆಲ್ಲ ವಿವರಿಸಿ ಹೇಳುವುದು ಸೊಸೆಗೆ ದಿನದ ಕೆಲಸವಾಯಿತು. ಮಗುವಿಗೆ ಎರಡೂವರೆ ವರ್ಷವಾದ ಮೇಲೆ ನಾವು ಅಂಗಡಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು, ಮೊರದಲ್ಲಿ ತೊಗರಿಯನ್ನೂ ಕಡಲೆಯನ್ನೂ ಕಲಸಿ ಬೇರೆ ಬೇರೆ ಮಾಡಲು ಕೊಡುತ್ತಿದ್ದೆವು. ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಟ್ಟಿರಬೇಕು. "ತಾತಾ, ಮುಗೀತು, ಕೂಲಿ ಕೊಡು" ಎಂದು ಕೈ ಚಾಚುತ್ತಿದ್ದಳು. ಹತ್ತಿರದಿಂದ ನೋಡಿ ಮಾಡುವ ಸಣ್ಣ ಕೆಲಸ ಪಟ್ಟಿ ಕಟ್ಟಿದ ಹೊತ್ತಿಗೆ ಒಳ್ಳೆಯದೆಂದು ವೈದ್ಯರೇ ಹೇಳಿದ್ದರು. 2020ರಲ್ಲಿ ಊರು ಊರೇ ಬಾಗಿಲು ಹಾಕಿದಾಗಲೂ ಆ ಮೊರದ ಕೆಲಸ ಮನೆಯಲ್ಲಿ ನಡೆಯಿತು.

ಆಪರೇಷನ್ ಆದದ್ದು 2022ರಲ್ಲಿ, ಅವಳಿಗೆ ನಾಲ್ಕು ವರ್ಷ ತುಂಬಿದ ಮೇಲೆ. ಯಾವ ತರಹದ ಆಪರೇಷನ್ ಎಂಬುದನ್ನು ಒಂದು ಅಳತೆಯ ಮೇಲೆ ನಿರ್ಧರಿಸುತ್ತಾರೆ. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಳಗೆ ನೋಡಿಸಿ ಆಮೇಲೆ ಮೇಲೆ ನೋಡಿಸಿ, ರೆಪ್ಪೆ ಎಷ್ಟು ಮಿಲಿಮೀಟರು ಏಳುತ್ತದೆ ಎಂದು ಅಡಿಪಟ್ಟಿ ಇಟ್ಟು ನೋಡುತ್ತಾರೆ. ಸರಿಯಾದ ರೆಪ್ಪೆ 12 ಮಿಲಿಮೀಟರಿಗೂ ಮೇಲೆ ಏಳುತ್ತದೆ. ಸ್ನಾಯುವಿಗೆ ತಕ್ಕಮಟ್ಟಿಗೆ ಶಕ್ತಿಯಿದ್ದರೆ ಅದನ್ನೇ ಸ್ವಲ್ಪ ಕತ್ತರಿಸಿ ಗಿಡ್ಡ ಮಾಡಿ ಬಿಗಿಯುತ್ತಾರೆ. 4 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಸ್ನಾಯುವನ್ನು ನೆಚ್ಚುವಂತಿಲ್ಲ. ಆಗ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಒಳಗಿನಿಂದ ಜೋಲಿಯಂತೆ ಕಟ್ಟುತ್ತಾರೆ. ಮಗು ಹುಬ್ಬು ಏರಿಸಿದರೆ ರೆಪ್ಪೆ ಏಳುತ್ತದೆ. ನಮ್ಮ ಮೊಮ್ಮಗಳ ರೆಪ್ಪೆ ಏಳುತ್ತಿದ್ದದ್ದು 3 ಮಿಲಿಮೀಟರು. ಆದ್ದರಿಂದ ಜೋಲಿ ಕಟ್ಟುವುದೇ ಆಯಿತು.

ಆ ಜೋಲಿಗೆ ದಾರ ಯಾವುದು ಎಂಬುದು ನಮ್ಮ ಜೈನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ. ನಾವೂ ಕೇಳಿದೆವು. ವೈದ್ಯರು ಬೇಸರಿಸಲಿಲ್ಲ. ಮೂರು ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಮಗುವಿನ ತೊಡೆಯ ಹೊರಬದಿಯಿಂದಲೇ, ಮಂಡಿಯ ಮೇಲೆ ಒಂದು ಸಣ್ಣ ಗಾಯ ಮಾಡಿ, ಸ್ನಾಯುವಿನ ಮೇಲಿರುವ ಬಿಳಿಯ ಪಟ್ಟಿಯ ಒಂದು ಎಳೆ ತೆಗೆದುಕೊಳ್ಳುತ್ತಾರೆ. ತನ್ನದೇ ದೇಹದ್ದಾದ್ದರಿಂದ ಅದು ಚೆನ್ನಾಗಿ ಹೊಂದಿಕೊಂಡು ಬಹುಕಾಲ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕ ಕೂಸಾದರೆ ಸಿಲಿಕೋನಿನ ತೆಳು ಕಡ್ಡಿ ಬಳಸುತ್ತಾರೆ. ಮುಂದೆ ಬೇಕಾದರೆ ಬದಲಾಯಿಸುತ್ತಾರೆ. ಗಾಯ ಹೊಲಿಯುವ ದಾರದಲ್ಲಿ ಹಿಂದೆ ಕುರಿ, ದನಗಳ ಕರುಳಿನಿಂದ ಮಾಡಿದ್ದು ಹೆಚ್ಚಾಗಿತ್ತು. ಈಗ ರಾಸಾಯನಿಕವಾಗಿ ತಯಾರಾದ, ತಾನೇ ಕರಗುವ ದಾರಗಳಿವೆ. ಮೊದಲೇ ಹೇಳಿದರೆ ಅದನ್ನೇ ಹಾಕುತ್ತಾರೆ. ಆದ್ದರಿಂದ ಧರ್ಮದ ಅಡ್ಡಿ ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಮಾತನ್ನು ತಾಯಂದಿರು ಗಮನಿಸಬೇಕು. ಮಕ್ಕಳಿಗೆ ಪೂರ್ತಿ ಮತ್ತು ಕೊಟ್ಟೇ ಈ ಆಪರೇಷನ್ ಮಾಡುವುದು. ಅದಕ್ಕೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ ಆರು ತಾಸು, ತಿಳಿನೀರಿಗೆ ಎರಡು ತಾಸು ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ರಾತ್ರಿಭೋಜನ ತ್ಯಾಗವಿರುವುದರಿಂದ ಸಂಜೆಯಿಂದಲೇ ಮಗುವಿನ ಬಾಯಿ ಒಣಗಿಸುವವರಿದ್ದಾರೆ. ದೊಡ್ಡವರ ವ್ರತದ ಲೆಕ್ಕ ನಾಲ್ಕು ವರ್ಷದ ಕೂಸಿಗೆ ಹಾಕಬಾರದು. ವೈದ್ಯರು ಯಾವ ಹೊತ್ತಿನ ತನಕ ನೀರು ಕೊಡಿ ಎನ್ನುತ್ತಾರೋ ಆ ಹೊತ್ತಿನ ತನಕ ಕೊಡಿ. ಅದೇ ರೀತಿ ಕರುಣೆ ಬಂತೆಂದು ಗುಟ್ಟಾಗಿ ಬಿಸ್ಕತ್ತು ತಿನ್ನಿಸುವುದೂ ಜೀವಕ್ಕೆ ಅಪಾಯ.

ಆಪರೇಷನ್ ಆದ ಮೇಲೆ ಏನಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಇದನ್ನು ತಿಳಿಯದೆ "ಆಪರೇಷನ್ ಕೆಟ್ಟಿತು" ಎಂದು ಗಾಬರಿಯಾಗುವವರುಂಟು. ಮೊದಲ ದಿನಗಳಲ್ಲಿ ಕಣ್ಣು ಊದಿ ನೀಲಿಯಾಗಿತ್ತು. ಊತ ಇಳಿದ ಮೇಲೆ ನೋಡಿದರೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಬಿಳುಪು ಕಾಣುತ್ತಿತ್ತು. ನಮ್ಮ ಮನೆಯವರಂತೂ ರಾತ್ರಿಯೆಲ್ಲ ಪಕ್ಕದಲ್ಲಿ ಎದ್ದು ಕೂರುತ್ತಿದ್ದರು. ಇದು ಎಲ್ಲ ಮಕ್ಕಳಲ್ಲೂ ಇರುವುದೇ ಎಂದು ವೈದ್ಯರು ಮೊದಲೇ ಹೇಳಿದ್ದರು. ಕಣ್ಣು ಒಣಗಿ ಹುಣ್ಣಾಗದಂತೆ ಹಗಲು ಹನಿ, ರಾತ್ರಿ ಮುಲಾಮು ತಪ್ಪದೆ ಹಾಕಬೇಕು. ಅದನ್ನು ಬಿಡುವುದೇ ನಿಜವಾದ ಅಪಾಯ. ತಿಂಗಳುಗಳು ಕಳೆದಂತೆ ಅದು ಕಡಿಮೆಯಾಯಿತು. ಕೆಳಗೆ ನೋಡುವಾಗ ಆ ರೆಪ್ಪೆ ಇನ್ನೊಂದರಷ್ಟು ಇಳಿಯುವುದಿಲ್ಲ, ಅದು ಹಾಗೆಯೇ ಉಳಿಯುತ್ತದೆ. ಎರಡು ಕಣ್ಣೂ ತಕ್ಕಡಿಯ ಎರಡು ತಟ್ಟೆಯಂತೆ ಸಮನಾಗುತ್ತವೆಂದು ಯಾವ ಪ್ರಾಮಾಣಿಕ ವೈದ್ಯರೂ ಮಾತು ಕೊಡುವುದಿಲ್ಲ. ಕೆಲವು ಮಕ್ಕಳಿಗೆ ಬೆಳೆದಂತೆ ರೆಪ್ಪೆ ಮತ್ತೆ ಸ್ವಲ್ಪ ಇಳಿದು ಇನ್ನೊಮ್ಮೆ ಆಪರೇಷನ್ ಬೇಕಾಗುತ್ತದೆ.

ಇನ್ನೂ ಮುಖ್ಯವಾದದ್ದು ಇದು. ರೆಪ್ಪೆ ಎದ್ದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯಬಾರದು. ಕನ್ನಡಕವೂ ಪಟ್ಟಿಯೂ ಆಮೇಲೂ ನಡೆಯಬೇಕು. ಅನೇಕರು ಇಲ್ಲಿಗೆ ಬಿಟ್ಟುಬಿಡುತ್ತಾರೆ, ಮುಖ ಚೆನ್ನಾಯಿತಲ್ಲ ಎಂದು. ನಮ್ಮ ಮೊಮ್ಮಗಳಿಗೆ ಇನ್ನೂ ಎರಡು ವರ್ಷ ಪಟ್ಟಿ ನಡೆಯಿತು. ಕೊನೆಯ ಸಲ ತೋರಿಸಿದಾಗ ಎಡಗಣ್ಣೊಂದರಿಂದಲೇ, ಕನ್ನಡಕ ಹಾಕಿಕೊಂಡು, ಅಕ್ಷರದ ಹಲಗೆಯಲ್ಲಿ ಕೊನೆಯದಕ್ಕಿಂತ ಮೇಲಿನ ಸಾಲನ್ನು ಓದಿದಳು. ಆ ಸಲ ತಂಗಿಯೂ ಜೊತೆಗೆ ಬಂದಿದ್ದಳು. ಮಗು ಒಂದೊಂದು ಅಕ್ಷರ ಹೇಳಿದಂತೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಧರ್ಮದ ಕಡೆಯಿಂದಲೂ ಒಂದು ಮಾತು ಹೇಳಬೇಕು. "ಕರ್ಮದಿಂದ ಬಂದದ್ದು, ಅನುಭವಿಸಿ ತೀರಿಸಬೇಕು, ಕತ್ತರಿ ಏಕೆ?" ಎಂದು ಬಸದಿಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ನಮ್ಮನ್ನು ಕೇಳಿದ್ದರು. ದೇಹದ ಆಕಾರವನ್ನು ಕೊಡುವ ನಾಮಕರ್ಮವನ್ನು ನಮ್ಮ ಶಾಸ್ತ್ರಗಳು ಚಿತ್ರಕಾರನಿಗೆ ಹೋಲಿಸುತ್ತವೆ. ದರ್ಶನಾವರಣೀಯ ಕರ್ಮವನ್ನು ರಾಜನ ದರ್ಶನಕ್ಕೆ ಬಿಡದ ದ್ವಾರಪಾಲಕನಿಗೆ ಹೋಲಿಸುತ್ತವೆ. ಇಳಿದ ರೆಪ್ಪೆಯನ್ನು ನೋಡಿದಾಗ ನಮಗೆ ಈ ಎರಡೂ ಹೋಲಿಕೆ ನೆನಪಾದವು. ಆದರೆ ಅದೇ ಶಾಸ್ತ್ರಗಳು ಪುರುಷಾರ್ಥವನ್ನೂ ಹೇಳುತ್ತವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೆ ಸ್ಥಾನ ಕೊಟ್ಟವರು ಕಾಯಿಲೆಯನ್ನು ಸುಮ್ಮನೆ ಸಹಿಸಿರಿ ಎಂದು ಹೇಳಿಯಾರೇ? ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಜೇನುಗಳಿಲ್ಲದೆ ಚಿಕಿತ್ಸೆ ಹೇಳುವ 'ಕಲ್ಯಾಣಕಾರಕ' ಬರೆದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದನು. ವೈದ್ಯವು ನಮ್ಮ ಮನೆಯದೇ ವಿದ್ಯೆ. ಮಗು ತನ್ನ ಕರ್ಮವನ್ನು ತಾನೇ ಹೊತ್ತು ಬಂದಿರಬಹುದು. ಆಸ್ಪತ್ರೆಗೆ ತಾನೇ ನಡೆದು ಹೋಗಲಾರದು. ಹೊತ್ತು ಒಯ್ಯುವುದು ಹೆತ್ತವರ ಕರ್ತವ್ಯ. ಆ ಹಿರಿಯರಿಗೆ ಇಷ್ಟನ್ನೇ ವಿನಯದಿಂದ ಹೇಳಿದೆವು. ಅವರು ನಕ್ಕು ಸುಮ್ಮನಾದರು.

ಹುಟ್ಟಿನಿಂದ ಇರುವ ರೆಪ್ಪೆಯ ಮಾತು ಇಷ್ಟು. ಆದರೆ ನೆಟ್ಟಗಿದ್ದ ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದರೆ ಅದು ಬೇರೆಯೇ ಸಂಗತಿ, ಒಂದು ದಿನವೂ ಕಾಯುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ರೆಪ್ಪೆ ಇಳಿದರೆ, ಜೊತೆಗೆ ಒಂದು ವಸ್ತು ಎರಡಾಗಿ ಕಂಡರೆ, ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಇಳಿಯುತ್ತಿದ್ದರೆ, ನರದ ಅಥವಾ ಸ್ನಾಯುವಿನ ಕಾಯಿಲೆ ಇರಬಹುದು. ನಮ್ಮಂಥ ಹಳ್ಳಿಯವರು ಇನ್ನೊಂದನ್ನು ಮರೆಯಬಾರದು. ತೆಲುಗಿನವರು ಕಟ್ಲಪಾಮು ಎನ್ನುವ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಎಂದು ಮಗು ಎದ್ದು, ಎರಡೂ ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಅದು ನಿದ್ದೆಗಣ್ಣಲ್ಲ, ವಿಷ. ಮಂತ್ರ ಹಾಕಿಸಲು ಹೋಗದೆ ವಿಷದ ಚುಚ್ಚುಮದ್ದು ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಓಡಬೇಕು.

ಎಲ್ಲಿಗೆ ಹೋಗಬೇಕು, ಖರ್ಚೆಷ್ಟು ಎಂಬುದು ಮುಂದಿನ ಪ್ರಶ್ನೆ. ನಮ್ಮ ಜಿಲ್ಲೆಯವರಿಗೆ ಕರ್ನೂಲಿನಲ್ಲಿ ಸರ್ಕಾರದ ಪ್ರಾದೇಶಿಕ ಕಣ್ಣಾಸ್ಪತ್ರೆ ಇದೆ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಹೈದರಾಬಾದಿನಲ್ಲಿ ಡಾಕ್ಟರ್ ಗುಳ್ಳಪಲ್ಲಿ ನಾಗೇಶ್ವರ ರಾವ್ ಅವರು 1987ರಲ್ಲಿ ಆರಂಭಿಸಿದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಇದೆ. ಸಿನಿಮಾ ನಿರ್ಮಾಪಕರಾಗಿ ಹಣ ಗಳಿಸಿದ ಎಲ್. ವಿ. ಪ್ರಸಾದರು ಜಾಗವನ್ನೂ ಹಣವನ್ನೂ ಕೊಟ್ಟಿದ್ದರಿಂದ ಅದಕ್ಕೆ ಅವರ ಹೆಸರು. ಹಣ ಕೊಡಲಾಗದವರಿಗೂ ಅಲ್ಲಿ ಅದೇ ಚಿಕಿತ್ಸೆ ಸಿಗುತ್ತದೆ. ಗಡಿಯವರಾದ ನಾವು ಒಂದು ಎಚ್ಚರಿಕೆ ವಹಿಸಬೇಕು. ಕಾರ್ಡು ಆಂಧ್ರದ್ದು, ಹೋಗುವ ಆಸ್ಪತ್ರೆ ಕರ್ನಾಟಕದ್ದೋ ತೆಲಂಗಾಣದ್ದೋ ಆಗಿರುತ್ತದೆ. ಸರ್ಕಾರದ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುಂಚೆ ವಿಚಾರಿಸಬೇಕು. ಅಂಗನವಾಡಿ, ಶಾಲೆಗಳಿಗೆ ಮಕ್ಕಳ ತಪಾಸಣೆಗೆ ಬರುವ ವೈದ್ಯರ ತಂಡಕ್ಕೂ ಮಗುವಿನ ಕಣ್ಣು ತೋರಿಸಬಹುದು. 2013ರಿಂದ ಈ ತಪಾಸಣೆ ದೇಶದಾದ್ಯಂತ ನಡೆಯುತ್ತಿದೆ.

ಸಮಾಜದ ಅನುಕೂಲಸ್ಥರಲ್ಲಿ ಒಂದು ವಿನಂತಿ. ನಾವು ಕಣ್ಣಿನ ಶಿಬಿರ ಮಾಡಿಸುತ್ತೇವೆ, ಮುದುಕರ ಪೊರೆ ತೆಗೆಸುತ್ತೇವೆ, ಕನ್ನಡಕ ಹಂಚುತ್ತೇವೆ. ಬಹಳ ಒಳ್ಳೆಯ ಕೆಲಸ. ಮುಂದಿನ ಶಿಬಿರದಲ್ಲಿ ಒಂದು ಮೇಜನ್ನು ಐದು ವರ್ಷದ ಒಳಗಿನ ಮಕ್ಕಳಿಗೆಂದೇ ಇಡಿಸಿ, ಮಕ್ಕಳ ಕಣ್ಣು ಬಲ್ಲ ವೈದ್ಯರನ್ನು ಕರೆಸಿ. ನಮ್ಮ ಅಂಗಡಿಗೆ ಹತ್ತಿ, ಶೇಂಗಾ ತರುವ ರೈತರ ಮಕ್ಕಳಲ್ಲೂ ಗದ್ದ ಎತ್ತಿ ನೋಡುವ ಕೂಸುಗಳಿರುತ್ತವೆ. ಅಂಥ ಕೂಸನ್ನು ಕಂಡರೆ ದರದ ಮಾತು ಮುಗಿದ ಮೇಲೆ ತಂದೆಗೆ ಒಂದು ಮಾತು ಹೇಳಿ. ಒಂದು ಬಸ್ ಚೀಟಿಯ ಹಣ ಕೊಟ್ಟರೂ ಅದು ಔಷಧ ದಾನವೇ.

ಹೆಣ್ಣುಮಕ್ಕಳ ತಾಯಂದಿರೇ, ಮಗುವಿನ ರೆಪ್ಪೆಯನ್ನು ಮದುವೆಯ ಲೆಕ್ಕದಲ್ಲಿ ನೋಡಬೇಡಿ. ಮದುವೆಗೆ ಇಪ್ಪತ್ತು ವರ್ಷ ಸಮಯವಿರುತ್ತದೆ. ಕಣ್ಣು ಕಲಿಯುವುದಕ್ಕೆ ಅಷ್ಟು ಸಮಯವಿಲ್ಲ. ರೆಪ್ಪೆ ಇಳಿದ ಕೂಸನ್ನು ಕಂಡ ತಿಂಗಳಲ್ಲೇ ವೈದ್ಯರಿಗೆ ತೋರಿಸಿ. ಆಪರೇಷನ್ ಯಾವಾಗ ಎಂಬುದನ್ನು ಅವರು ನಿರ್ಧರಿಸಲಿ, ತೋರಿಸುವುದನ್ನು ಮಾತ್ರ ನಾವು ಮುಂದೂಡದಿರೋಣ.

ಜೈ ಜಿನೇಂದ್ರ.